ಗೌರಿ ಪ್ರಹ್ಲಾದ ಜಾಲಿಹಾಳ

ನಾನು ಈವರೆಗೆ ಮಾಡಿರುವ ಒಳ್ಳೆಯ ಕೆಲಸಗಳನ್ನೆಲ್ಲ ಹೆದರಿಕೆಯಿಂದಲೇ ಮಾಡಿದ್ದೇನೆ ಎಂದು ಮೊದಲೇ ಒಪ್ಪಿಕೊಂಡುಬಿಡುವುದು ವಾಸಿ. ಬಸ್ಸಿನಲ್ಲಿ ವಯಸ್ಸಾದ ಹೆಂಗಸರಿಗೆ ಎದ್ದು ಜಾಗ ಕೊಟ್ಟಿದ್ದೇನೆ. ಪುಣೆಯ ವಯಸ್ಸಾದ ಹೆಂಗಸರು ಕೂತ ಗಂಡಸನ್ನು ಯಾವ ರೀತಿ ನೋಡುತ್ತಾರೆ ಎಂದು ಬಲ್ಲವರಿಗೆ ಇದರಲ್ಲಿ ನನ್ನ ದೊಡ್ಡಸ್ತಿಕೆ ಏನೂ ಇಲ್ಲವೆಂದು ಗೊತ್ತಾಗುತ್ತದೆ. ಕಾರ್ಖಾನೆಯಲ್ಲಿ ಮೂರು ಸಲ ರಕ್ತದಾನ ಮಾಡಿದ್ದೇನೆ. ಮೂರು ಸಲವೂ ನಮ್ಮ ಮ್ಯಾನೇಜರ್ ಸಾಹೇಬರು ಬಾಗಿಲಲ್ಲೇ ನಿಂತಿದ್ದರು. ಜಗತ್ತಿನಲ್ಲಿ ನಡೆಯುವ ಪುಣ್ಯಕಾರ್ಯಗಳಲ್ಲಿ ಅರ್ಧದಷ್ಟು ‘ಇಲ್ಲ’ ಎನ್ನಲು ಧೈರ್ಯವಿಲ್ಲದವರು ಮಾಡಿದ್ದೇ ಇರಬೇಕು ಎಂದು ನನ್ನ ಗುಮಾನಿ. ಇಂಥ ನನಗೆ, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ವಿಮಾನ ನಗರದ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ‘ಪ್ರಾಣಿಪ್ರೇಮಿ’ ಎಂಬ ಬಿರುದು ಬಂತು. ಅದು ಹೇಗೆ ಬಂತು, ಬಂದ ಮೇಲೆ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನು ಯಾರಿಗಾದರೂ ಹೇಳಿಕೊಳ್ಳದೆ ಸಮಾಧಾನವಿಲ್ಲ.

ನಾಯಿ ಎಂದರೆ ನನಗೆ ಜೀವ ಹೋಗುತ್ತದೆ. ವಿಜಾಪುರದಲ್ಲಿ ಮೂರನೇ ಇಯತ್ತೆಯಲ್ಲಿದ್ದಾಗ ನಮ್ಮ ಓಣಿಯ ನಾಯಿಯೊಂದು ನನ್ನ ಮೀನಖಂಡವನ್ನು ಹಿಡಿದಿತ್ತು. ಆ ಕಾಲದಲ್ಲಿ ನಾಯಿ ಕಚ್ಚಿದ್ದಕ್ಕಿಂತ ಅದರ ಔಷಧ ಕಷ್ಟದ್ದು. ಹದಿನಾಲ್ಕು ದಿನ, ದಿನಕ್ಕೊಂದು ಸೂಜಿ, ಅದೂ ಹೊಕ್ಕಳಿನ ಸುತ್ತ. ನಾನು ಅತ್ತು ರಂಪ ಮಾಡಿದರೆ ನಮ್ಮ ಅಜ್ಜಿ, “ರಾಮದೇವರು ಹದಿನಾಕು ವರ್ಷ ವನವಾಸ ಮಾಡ್ಯಾನ, ನಿನಗ ಹದಿನಾಕು ಸೂಜಿ ಭಾಳ ಆತೇನು?” ಎನ್ನುತ್ತಿದ್ದಳು. ರಾಮದೇವರ ಜೊತೆಗೆ ಲಕ್ಷ್ಮಣ ಇದ್ದ; ನನ್ನ ಜೊತೆಗೆ ಬಂದದ್ದು ಕಾಂಪೌಂಡರನೊಬ್ಬನೇ. ಅಂದಿನಿಂದ ನಾಯಿಯ ನೆರಳು ಕಂಡರೂ ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತದೆ. ನೋಡಿದವರು ನನಗೆ ಹಸಿವೆಯಾಗಿದೆ ಎಂದುಕೊಳ್ಳುತ್ತಾರೆ.

ಆಗ ವಿಮಾನ ನಗರ ಈಗಿನ ಹಾಗಿರಲಿಲ್ಲ. ಮಾಲುಗಳಿರಲಿಲ್ಲ, ಕಟ್ಟುತ್ತಿದ್ದ ಬಿಲ್ಡಿಂಗುಗಳಿದ್ದವು, ಮರಳಿನ ರಾಶಿಗಳಿದ್ದವು, ಆ ರಾಶಿಗಳ ಮೇಲೆ ನಾಯಿಗಳಿದ್ದವು. ನನಗೆ ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಡಿಸ್ಪ್ಯಾಚ್ ವಿಭಾಗದ ಕೆಲಸ. ಬೆಳಗಿನ ಆರೂ ಮುಕ್ಕಾಲಿಗೆ ನಗರ ರೋಡಿನ ಮೂಲೆಯಲ್ಲಿ ಕಂಪನಿ ಬಸ್ಸು ನಿಲ್ಲುತ್ತಿತ್ತು. ನಮ್ಮ ಮನೆಗೂ ಆ ಮೂಲೆಗೂ ನಡುವೆ ಒಂದು ಅರ್ಧ ಕಟ್ಟಿದ ಬಿಲ್ಡಿಂಗು. ಅದರ ಮುಂದಿನ ಮರಳಿನ ಮೇಲೆ ಒಂದು ಹೆಣ್ಣುನಾಯಿ. ಮೈ ಕಂದು, ಎದೆ ಬಿಳಿ. ಅದು ಬೊಗಳಿದ್ದರೆ ನಾನು ಬೇರೆ ದಾರಿ ಹುಡುಕಿಕೊಳ್ಳುತ್ತಿದ್ದೆ. ಬೊಗಳಲಿಲ್ಲ, ಎದ್ದು ನಿಂತು ಸುಮ್ಮನೆ ನೋಡಿತು. ನಾನು ಕೈಯಲ್ಲಿದ್ದ ಊಟದ ಡಬ್ಬಿ ಬಿಚ್ಚಿ, ಒಂದು ಜೋಳದ ಭಕ್ಕರಿಯನ್ನು ದೂರಕ್ಕೆ ಎಸೆದು, ಅದು ಅತ್ತ ಹೋದ ಕೂಡಲೇ ಇತ್ತ ಓಡಿದೆ. ಮರುದಿನ ಅದು ರಾಶಿಯಿಂದ ಇಳಿದು ದಾರಿಯಲ್ಲೇ ಕಾಯುತ್ತಿತ್ತು. ಆಗೆಲ್ಲ ಜಕಾತಿ ನಾಕಾದಲ್ಲಿ ಸುಂಕ ಕಟ್ಟದೆ ಲಾರಿಗಳು ಪುಣೆಯ ಒಳಗೆ ಬರುವಂತಿರಲಿಲ್ಲ. ಭಕ್ಕರಿ ಕಟ್ಟದೆ ನಾನು ಪುಣೆಯಿಂದ ಹೊರಗೆ ಹೋಗುವಂತಿರಲಿಲ್ಲ. ಹೀಗೆ ಎರಡು ವರ್ಷ ನಡೆಯಿತು. ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದ ನಮ್ಮ ಸ್ಟಾಫಿನವರು ‘ದಿನಾ ತನ್ನ ತುತ್ತಿನಲ್ಲಿ ಮೂಕಪ್ರಾಣಿಗೆ ಪಾಲು ಕೊಡುತ್ತಾನೆ’ ಎಂದು ಕೊಂಡಾಡಿ, ಸೊಸೈಟಿಯ ತನಕ ‘ಪ್ರಾಣಿಪ್ರೇಮಿ’ ಎಂಬ ಬಿರುದು ಮುಟ್ಟಿಸಿದರು. ನಾನು ತಲೆ ತಗ್ಗಿಸಿ ಕುಳಿತೆ. ಅದನ್ನು ವಿನಯ ಎಂದರು.

ಆ ನಾಯಿಗೆ ಗೌರಿ ಎಂದು ಹೆಸರಿಟ್ಟವರು ನೇನೆ ಬಾಯಿ. ಮರಾಠಿಯಲ್ಲಿ ಶಿಕ್ಷಕಿಯರನ್ನು ಗೌರವದಿಂದ ‘ಬಾಯಿ’ ಎನ್ನುತ್ತಾರೆ; ಅವರು ನಮ್ಮ ಸೊಸೈಟಿಯಲ್ಲೇ ಇದ್ದ ನಿವೃತ್ತ ಶಿಕ್ಷಕಿ. ಮೂವತ್ತು ವರ್ಷ ಭೂಗೋಳ ಕಲಿಸಿ, ಈಗ ಲೂನಾ ಗಾಡಿಯ ಮೇಲೆ ತಾವೇ ಭೂಗೋಳ ಸುತ್ತುತ್ತಿದ್ದರು. ಬೀದಿನಾಯಿಗಳನ್ನು ಹಿಡಿಸಿ, ಮರಿಯಾಗದಂತೆ ಆಪರೇಶನ್ ಮಾಡಿಸಿ, ಹುಚ್ಚಿನ ಲಸಿಕೆ ಹಾಕಿಸಿ, ಮತ್ತೆ ಎಲ್ಲಿಂದ ಹಿಡಿದಿದ್ದರೋ ಅಲ್ಲಿಯೇ ತಂದು ಬಿಡುವ ಸ್ವಯಂಸೇವಕರ ಗುಂಪೊಂದಿತ್ತು. ಅದರಲ್ಲಿ ಇವರು ಮುಂದಾಳು. ಗಣಪತಿ ಹಬ್ಬದಲ್ಲಿ ಮನೆಮನೆಗೆ ಗೌರಿಯರು ಬರುವ ದಿನವೇ ಆ ನಾಯಿ ಮರಳಿನ ರಾಶಿಯ ಮೇಲೆ ಆರು ಮರಿ ಹಾಕಿತ್ತು, ಅದಕ್ಕೇ ಗೌರಿ. ಹಬ್ಬದ ಗೌರಿ ಮೂರನೇ ದಿನಕ್ಕೆ ಹೊರಡುತ್ತಾಳೆ, ಈಕೆ ಹೊರಡಲಿಲ್ಲ. ವರ್ಷಕ್ಕೆರಡು ಬಾಣಂತನ. ಆರು ಮರಿಗಳಲ್ಲಿ ನಾಲ್ಕು ನಗರ ರೋಡಿನ ಲಾರಿಗಳ ಗಾಲಿಗೆ ಸಿಕ್ಕು ಹೋದವು. ಒಂದು ಬೆಳಿಗ್ಗೆ ಗೌರಿ ರಸ್ತೆಯ ಅಂಚಿಗೆ ಕುಳಿತು ಅತ್ತಲೇ ನೋಡುತ್ತಿತ್ತು. ಎಸೆದ ಭಕ್ಕರಿಯ ಕಡೆ ತಿರುಗಿ ಸಹ ನೋಡಲಿಲ್ಲ. ಹೆದರುಪುಕ್ಕನಾದ ನನಗೂ ಅಂದು ಬಸ್ಸಿನಲ್ಲಿ ಊಟದ ಡಬ್ಬಿ ಭಾರವೆನಿಸಿತು.

ನಮ್ಮ ಸೊಸೈಟಿಯ ಸೆಕ್ರೆಟರಿ ಬಾಪಟ್ ಅವರಿಗೆ ಮಾತ್ರ ಇದು ಶಿಸ್ತಿನ ಪ್ರಶ್ನೆ. ಸಂಕ್ರಾಂತಿಯೊಳಗೆ ಈ ನಾಯಿಗಳ ಸಂತಾನ ನಿಲ್ಲದಿದ್ದರೆ ಎಲ್ಲವನ್ನೂ ಟೆಂಪೋದಲ್ಲಿ ತುಂಬಿ ದೇಹೂ ರೋಡಿನ ಆಚೆ ಗುಡ್ಡದಲ್ಲಿ ಬಿಟ್ಟು ಬರುತ್ತೇನೆ ಎಂದು ಮೀಟಿಂಗಿನಲ್ಲಿ ಸಾರಿದರು. ನೇನೆ ಬಾಯಿ ಎದ್ದು ನಿಂತು, ಇವನ್ನು ಒಯ್ದರೆ ಖಾಲಿಯಾದ ಜಾಗಕ್ಕೆ ವಾರದಲ್ಲಿ ಬೇರೆ ನಾಯಿ ಬರುತ್ತವೆ, ಪುಣೆಯಲ್ಲಿ ಯಾವ ಜಾಗವಾದರೂ ಹೆಚ್ಚು ದಿನ ಖಾಲಿ ಇದ್ದದ್ದನ್ನು ನೀವು ನೋಡಿದ್ದೀರಾ, ಇಲ್ಲಿಯ ನಾಯಿ ಇಲ್ಲೇ ಇದ್ದರೆ ತಾನೇ ಹೊಸಬರನ್ನು ಒಳಗೆ ಬಿಡುವುದಿಲ್ಲ ಎಂದು ಪಾಠ ಮಾಡಿದರು. ಬಾಪಟ್ ಅವರಿಗೂ ನೇನೆ ಬಾಯಿಯ ಹೆದರಿಕೆ ಇದ್ದೇ ಇತ್ತು. ಸರಿ, ಸಂಕ್ರಾಂತಿಯವರೆಗೆ ನಿಮ್ಮ ಪ್ರಯೋಗ ನಡೆಯಲಿ ಎಂದರು. ದೀಪಾವಳಿ ಕಳೆಯುವುದರೊಳಗೆ ಸುತ್ತಲಿನ ನಾಯಿಗಳಿಗೆಲ್ಲ ಆಪರೇಶನ್ ಆಗಿ, ಗುರುತಿಗೆಂದು ಒಂದು ಕಿವಿಯ ತುದಿ ಕತ್ತರಿಸಿಕೊಂಡು ಎಲ್ಲವೂ ಬಂದವು. ಉಳಿದದ್ದು ಗೌರಿ ಒಂದೇ. ನಾಯಿ ಹಿಡಿಯುವ ವ್ಯಾನಿನ ಸದ್ದು ನಗರ ರೋಡಿನಿಂದ ತಿರುಗುವಾಗಲೇ ಅದಕ್ಕೆ ತಿಳಿಯುತ್ತಿತ್ತು. ಮರಳಿನ ಪಕ್ಕ ಬಿದ್ದಿದ್ದ ಸಿಮೆಂಟಿನ ದೊಡ್ಡ ಕೊಳವೆಯೊಳಗೆ ಹೊಕ್ಕರೆ ವ್ಯಾನು ಹೋಗುವ ತನಕ ಹೊರಗೆ ಬರುತ್ತಿರಲಿಲ್ಲ. ನಾಲ್ಕು ಸಲ ಬಲೆ ಬರಿದೇ ಮರಳಿತು.

ಒಂದು ಸಂಜೆ ನೇನೆ ಬಾಯಿ ನೇರ ನಮ್ಮ ಮನೆಗೆ ಬಂದರು. ನನ್ನ ಹೆಂಡತಿ ಮಾಲತಿ ಚಹಾ ಕೊಟ್ಟಳು. ನೇನೆ ಬಾಯಿ ಕಪ್ ಕೆಳಗಿಟ್ಟು, “ಜಾಲಿಹಾಳ, ತಿಚಾ ತುಮಚ್ಯಾವರ್ ವಿಶ್ವಾಸ್ ಆಹೆ” ಎಂದರು. ಅಂದರೆ ಗೌರಿಗೆ ನಿಮ್ಮ ಮೇಲೆ ನಂಬಿಕೆಯಿದೆ. ಡಾಕ್ಟರು ಮಂಪರಿನ ಗುಳಿಗೆ ಕೊಡುತ್ತಾರೆ, ಭಕ್ಕರಿಯಲ್ಲಿಟ್ಟು ನೀವು ತಿನ್ನಿಸಬೇಕು, ಬೇರೆಯವರು ಗುಳಿಗೆ ಇಟ್ಟು ಕೊಟ್ಟರೆ ಅವಳಿಗೆ ಸಂಶಯ ಬರುತ್ತದೆ ಎಂದು ವಿವರಿಸಿದರು. ಪುಣೆಯ ಕನ್ನಡಿಗರಿಗೆ ಒಂದು ಅನುಕೂಲವಿದೆ: ಮರಾಠಿ ಅತಿಥಿಗಳ ಎದುರಿಗೇ ಕೂತು ನಗುನಗುತ್ತ ಜಗಳಾಡಬಹುದು. ನಾನು ಮುಖದ ಮೇಲಿನ ನಗೆ ಕೆಡಿಸದೆ, “ನಾಯಿ ಅಂದ್ರ ನನಗ ಜೀವ ಹೋಗ್ತದ ಅಂತ ಗೊತ್ತಿಲ್ಲೇನು ನಿನಗ? ಏನರೆ ನೆವ ಹೇಳಿ ಕಳಸು ಇವರನ್ನ” ಎಂದೆ. ಮಾಲತಿಯೂ ನನಗಿಂತ ಚೆಂದ ನಕ್ಕು, “ಮತ್ತ ಎರಡು ವರ್ಷದಿಂದ ನನ್ನ ಭಕ್ಕರಿ ಯಾರಿಗೆ ಹಾಕ್ಲಿಕತ್ತೀರಿ? ಡಬ್ಬಿಗೆ ಮೂರು ಸಾಲೂದಿಲ್ಲ ಅಂತ ನಾಕು ಮಾಡಿಸ್ಕೊಂಡ್ರಿ. ನಾಕನೇದ್ದು ಯಾರ ಹೊಟ್ಟಿಗೆ ಹೋಗ್ತದ ಅಂತ ಬಾಲ್ಕನಿಯೊಳಗಿಂದ ಕಾಣಸ್ತದ್ರಿ” ಎಂದಳು. ಆಮೇಲೆ ನೇನೆ ಬಾಯಿಯ ಕಡೆ ತಿರುಗಿ ಶುದ್ಧ ಮರಾಠಿಯಲ್ಲಿ, ಇವರು ಸಂತೋಷದಿಂದ ಒಪ್ಪಿದ್ದಾರೆ ಎಂದು ಹೇಳಿಬಿಟ್ಟಳು.

ರವಿವಾರ ಬೆಳಿಗ್ಗೆ ಮಾಲತಿ ತೆಳ್ಳಗೆ ಭಕ್ಕರಿ ಬಡಿದು, ಬೆಣ್ಣೆ ಹಚ್ಚಿ, ನಡುವೆ ಗುಳಿಗೆಯ ಪುಡಿ ಸೇರಿಸಿ ಮಡಚಿ ಕೊಟ್ಟಳು. ಎಸೆದರೆ ಗುಳಿಗೆ ಚೆಲ್ಲುತ್ತದೆ, ಕೈಯಿಂದಲೇ ತಿನ್ನಿಸಿ ಎಂದು ನೇನೆ ಬಾಯಿಯ ಆಜ್ಞೆ. ಜನ್ಮದಲ್ಲಿ ಮೊದಲ ಸಲ ನಾಯಿಯ ಬಾಯಿಗೂ ನನ್ನ ಬೆರಳಿಗೂ ಒಂದು ಭಕ್ಕರಿಯಷ್ಟೇ ಅಂತರ ಉಳಿಯಿತು. ಗೌರಿ ಎಷ್ಟು ಮೆತ್ತಗೆ ತೆಗೆದುಕೊಂಡಿತೆಂದರೆ, ಕೊಟ್ಟದ್ದೇ ನನಗೆ ತಿಳಿಯಲಿಲ್ಲ. ಎರಡು ವರ್ಷ ದೂರದಿಂದ ಎಸೆಯುತ್ತಿದ್ದವನು ಇವತ್ತು ಹತ್ತಿರ ಬಂದನಲ್ಲ ಎಂಬ ಸಂತೋಷಕ್ಕೋ ಏನೋ ಬಾಲ ಬೇರೆ ಆಡಿಸಿತು. ಸ್ವಲ್ಪ ಹೊತ್ತಿಗೆ ಅದರ ಹಿಂಗಾಲು ತೊಡರತೊಡಗಿದವು. ಏನೋ ಕೆಟ್ಟದ್ದು ಆಗುತ್ತಿದೆ ಎಂದು ಅದಕ್ಕೆ ತಿಳಿದಿರಬೇಕು. ಕೊಳವೆಯ ಕಡೆ ಓಡುತ್ತದೆ ಎಂದು ನಾವು ಅಂದುಕೊಂಡರೆ, ಅದು ತೂರಾಡುತ್ತ ನನ್ನ ಹತ್ತಿರವೇ ಬಂದು, ನನ್ನ ಚಪ್ಪಲಿಯ ಮೇಲೆ ಗದ್ದ ಇಟ್ಟು ಮಲಗಿತು. ನನಗೆ ಬಹಳ ನಾಚಿಕೆಯಾಯಿತು. ಅದರ ಒಳ್ಳೆಯದಕ್ಕೇ ಮಾಡಿದ್ದು ನಿಜ. ಆದರೆ ಹದಿನಾಲ್ಕು ಸೂಜಿಯ ದಿನಗಳಲ್ಲಿ ನನಗೂ ಎಲ್ಲರೂ ಅದೇ ಮಾತನ್ನು ಹೇಳಿದ್ದರು.

ಮಂಪರಿನಲ್ಲಿದ್ದ ಗೌರಿಯನ್ನು ವ್ಯಾನಿನಲ್ಲಿ ಒಯ್ದಾಗ, ಶಸ್ತ್ರಚಿಕಿತ್ಸೆಯ ಕೇಂದ್ರದಲ್ಲಿ ಒಂದು ಫಾರ್ಮ್ ಕೊಟ್ಟರು. ಡಿಸ್ಪ್ಯಾಚ್ ವಿಭಾಗದವನಿಗೆ ಖಾಲಿ ಅಂಕಣ ಕಂಡರೆ ನಿದ್ದೆ ಬರುವುದಿಲ್ಲ. ಮಹಾರಾಷ್ಟ್ರದಲ್ಲಿ ಇಪ್ಪತ್ತು ವರ್ಷ ಗ್ಯಾಸಿಗೂ ರೇಷನ್ನಿಗೂ ಫಾರ್ಮ್ ತುಂಬಿದವನ ಕೈಗೆ ‘ಹೆಸರು’ ಎಂದರೆ ಮೂರು ಭಾಗ ಎಂದೇ ರೂಢಿ: ಮೊದಲು ತನ್ನದು, ನಡುವೆ ಅಪ್ಪನದೋ ಗಂಡನದೋ, ಕೊನೆಗೆ ಮನೆತನದ್ದು. ಆ ಗಡಿಬಿಡಿಯಲ್ಲಿ ನನ್ನ ಪೆನ್ನು ನನ್ನನ್ನು ಕೇಳದೆ ಬರೆದುಬಿಟ್ಟಿತು: ‘ಗೌರಿ ಪ್ರಹ್ಲಾದ ಜಾಲಿಹಾಳ’. ನಡುವಿನ ಪ್ರಹ್ಲಾದ ನಾನೇ. ಕೆಳಗೆ ‘ಹೆಣ್ಣು’ ಎಂದೂ ಬರೆದು ಸಹಿ ಮಾಡಿದೆ. ತಪ್ಪು ನನಗೆ ಹೊಳೆದದ್ದು ಎರಡು ದಿನದ ಮೇಲೆ, ಕಾರ್ಖಾನೆಯಿಂದ ಮನೆಗೆ ಬಂದಾಗ. ಮಾಲತಿ ಬಾಗಿಲಲ್ಲೇ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು. “ಫೋನ್ ಬಂದಿತ್ತು. ಸೌಭಾಗ್ಯವತಿ ಗೌರಿ ಪ್ರಹ್ಲಾದ ಜಾಲಿಹಾಳ ಅವರ ಆಪರೇಶನ್ ಛಲೋ ಆತಂತ. ಗಂಜಿ ಕುಡದು ಆರಾಮ ಮಲ್ಕೊಂಡಾರಂತ. ಮನಿಯವರಿಗೆ ಕಾಳಜಿ ಮಾಡಬ್ಯಾಡ ಅಂತ ಹೇಳ್ರಿ ಅಂದ್ರು” ಎಂದಳು. ನಾನು ಅಂಕಣಗಳ ವಿಷಯ ವಿವರಿಸಹೋದೆ. “ಇರಲಿ ಬಿಡ್ರಿ, ಎಷ್ಟರೆ ಆದ್ರೂ ಆಕಿದೂ ಎರಡು ವರ್ಷದ ಸಂಸಾರ” ಎಂದು ಒಳಗೆ ಹೋದಳು. ಅಂದಿನಿಂದ ನನ್ನ ಬಾಯಲ್ಲೂ ಗೌರಿ ‘ಅದು’ ಹೋಗಿ ‘ಅವಳು’ ಆದಳು. ಕಾಗದಪತ್ರಕ್ಕೆ ನಾನು ಮೊದಲಿನಿಂದಲೂ ಮರ್ಯಾದೆ ಕೊಡುವವನು.

ಹಾಗೆ ನೋಡಿದರೆ ಮಾಲತಿಯ ಬಾಯಿ ಎಷ್ಟೇ ಚುರುಕಾಗಿದ್ದರೂ ನಡತೆಯಲ್ಲಿ ಅವಳು ಹಳೆಯ ಕಾಲದವಳು. ಇಷ್ಟು ವರ್ಷದಲ್ಲಿ ನನಗಿಂತ ಮೊದಲು ಒಂದು ತುತ್ತು ಬಾಯಿಗಿಟ್ಟವಳಲ್ಲ. ಟೀವಿಯಲ್ಲಿ ನೋಡಿ ಕಲಿತ ಹೊಸ ಅಡುಗೆ ಮಾಡಿದ ದಿನವಂತೂ, ನಾನು ತಿಂದು ಕೈ ತೊಳೆಯುವ ತನಕ ಎದುರಿಗೇ ನಿಂತಿರುತ್ತಾಳೆ. ಕಂಪನಿ ಬಸ್ಸಿನಲ್ಲಿ ಹೊಸದಾಗಿ ಮದುವೆಯಾದ ಹುಡುಗರು ಸಂಸಾರದ ತಾಪತ್ರಯ ಹೇಳಿಕೊಂಡಾಗೆಲ್ಲ ನಾನು ಈ ಉದಾಹರಣೆ ಕೊಡುತ್ತಿದ್ದೆ.

ಐದನೇ ದಿನ ವ್ಯಾನು ಗೌರಿಯನ್ನು ತಂದಿತು. ಹಿಡಿದ ಜಾಗದಲ್ಲೇ ಬಿಡಬೇಕೆಂಬ ನಿಯಮದಂತೆ ಅದೇ ಮರಳಿನ ಮುಂದೆ ಬಾಗಿಲು ತೆರೆದರು. ಎಡಗಿವಿಯ ತುದಿ ಕತ್ತರಿಸಿತ್ತು. ಅವಳು ಇಳಿದು, ಒಮ್ಮೆ ನನ್ನನ್ನು ನೋಡಿ, ಕಚ್ಚಲೂ ಇಲ್ಲ, ಬೊಗಳಲೂ ಇಲ್ಲ, ಬಳಸಿಕೊಂಡು ಹೋಗಿ ಕೊಳವೆಯೊಳಗೆ ಹೊಕ್ಕಳು. ಮರುದಿನದಿಂದ ನನ್ನ ದಾರಿ ನಿಷ್ಕಂಟಕವಾಯಿತು. ಎರಡು ವರ್ಷ ಯಾವುದಕ್ಕಾಗಿ ದೇವರಲ್ಲಿ ಬೇಡಿಕೊಂಡಿದ್ದೆನೋ ಅದು ಸಿಕ್ಕಿತ್ತು: ಜಕಾತಿ ಇಲ್ಲದೆ ಬಸ್ಸಿನ ತನಕ ನಡೆಯಬಹುದಾಗಿತ್ತು. ಆದರೆ ನನಗೆ ಹೆಜ್ಜೆ ಸಾಗುತ್ತಿರಲಿಲ್ಲ. ಭಕ್ಕರಿ ಎಸೆದರೆ ಬಿದ್ದಲ್ಲೇ ಬಿದ್ದಿರುತ್ತಿತ್ತು, ಕಾಗೆಗಳು ಒಯ್ಯುತ್ತಿದ್ದವು. ಇನ್ನೂ ಕೆಟ್ಟ ಸಂಗತಿಯೆಂದರೆ ಅವಳು ಯಾರ ಕೈಯಿಂದಲೂ ತಿನ್ನುತ್ತಿರಲಿಲ್ಲ. ನೇನೆ ಬಾಯಿಯ ಬಿಸ್ಕೀಟನ್ನು ಮೂಸಿ ಬಿಟ್ಟಳು. ಬಿಲ್ಡಿಂಗಿನ ವಾಚ್‌ಮನ್‌ನ ಹೆಂಡತಿ ಶರಣವ್ವ ಇಟ್ಟ ಅನ್ನವನ್ನೂ ಮುಟ್ಟಲಿಲ್ಲ. ನಾಲ್ಕು ದಿನಕ್ಕೆ ಪಕ್ಕೆಲುಬು ಎಣಿಸುವಂತಾದವು. ಹೊಲಿಗೆ ಮಾಯುವ ಹೊತ್ತಿನಲ್ಲಿ ಹೊಟ್ಟೆಗೆ ಬೀಳದಿದ್ದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದರಂತೆ. ಇದನ್ನು ಹೇಳುವಾಗ ನೇನೆ ಬಾಯಿ ಮೊದಲ ಸಲ ನನ್ನ ಮುಖ ನೋಡಲಿಲ್ಲ. ಬಾಪಟ್ ಅವರಿಂದ ಬಚಾವು ಮಾಡಲು ಹೋಗಿ ನಾನೇ ಅವಳನ್ನು ಕೊಂದಂತಾಗುತ್ತದಲ್ಲ ಎಂದು ನನಗೆ ಊಟ ಸೇರದಾಯಿತು.

ಉಪಾಯ ಹೇಳಿದವಳು ಶರಣವ್ವ. ಯಾದಗಿರಿ ಕಡೆಯವಳು, ಬಿಲ್ಡಿಂಗು ಮುಗಿಯುವ ತನಕ ಅಲ್ಲಿಯೇ ತಗಡಿನ ಮನೆ. ನಾನು ಬೆಳ್ಳಂಬೆಳಗ್ಗೆ ಕೊಳವೆಯ ಮುಂದೆ ನಿಂತು, “ಗೌರಿ, ತಪ್ಪಾತವಾ, ಒಂದು ತುತ್ತು ತಿನ್ನು” ಎಂದು ಅಂಗಲಾಚುವುದನ್ನು ಎರಡು ದಿನ ನೋಡಿ, ಮೂರನೇ ದಿನ ನೀರಿನ ಕೊಡ ಇಳಿಸಿ ಹತ್ತಿರ ಬಂದಳು.

“ಅಣ್ಣಾರ, ನೀವು ಹಿಂಗ ನಿಂತು ಭಾಷಣ ಮಾಡಿದ್ರ ಅದು ತಿನ್ನಲ್ರಿ. ಭಕ್ಕರಿಯಾಗ ಏನರ ಹಾಕೀರಿ ಅಂತ ಅದಕ ಸಂಶೇ ಬಂದದ.”

“ಈಗ ಏನೂ ಹಾಕಿಲ್ಲವಾ.”

“ಅದು ನಿಮಗ ಗೊತ್ತದ, ನನಗ ಗೊತ್ತದ. ಅದಕ ಹ್ಯಾಂಗ ಗೊತ್ತಾಗಬೇಕು? ಕೆಳಗ ಕುಂದರ್ರಿ. ಮೊದಲ ನೀವ ಒಂದು ತುತ್ತು ತಿಂದು ತೋರಸ್ರಿ.”

ಕೆಳಗೆ ಕೂರುವುದೆಂದರೆ ನನ್ನ ಮುಖವೂ ನಾಯಿಯ ಮುಖವೂ ಸಮಸಮ ಬರುತ್ತವೆ. ಬಸ್ಸು ಬರುವ ಹೊತ್ತು ಬೇರೆ. ನಾನು ಎಡಗೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಮರಳಿನ ಮೇಲೆ ಕುಳಿತೆ. ಭಕ್ಕರಿ ಮುರಿದು ಒಂದು ತುತ್ತು ಬಾಯಿಗಿಟ್ಟು ಅಗಿದೆ. ಕೊಳವೆಯ ಕತ್ತಲೊಳಗಿಂದ ಎರಡು ಕಣ್ಣು ನೋಡುತ್ತಿದ್ದವು. ನುಂಗಿದೆ. ನಂಬಲಿಲ್ಲವೇನೋ ಎಂದು ಬಾಯಿ ಅಗಲಿಸಿ ಖಾಲಿ ನಾಲಿಗೆಯನ್ನೂ ತೋರಿಸಿದೆ. ಅಷ್ಟರಲ್ಲಿ ಬಸ್ಸು ಬಂದು ನಿಂತಿತು. ಡ್ರೈವರ್ ಹಾರ್ನ್ ಹೊಡೆದ. ಕಿಟಕಿಗಳಿಂದ ಮೂವತ್ತು ತಲೆಗಳು ಹೊರಬಂದವು. ನಾನು ಏಳಲಿಲ್ಲ. ಇನ್ನೊಂದು ತುತ್ತು ತಿಂದೆ. ಗೌರಿ ಮೂತಿ ಹೊರಗೆ ಹಾಕಿದಳು, ಒಂದು ಹೆಜ್ಜೆ ಬಂದಳು, ನಾನು ತೂರಾಡಿ ಬೀಳುವುದಿಲ್ಲವೆಂದು ಖಾತ್ರಿಯಾಗುವಷ್ಟು ಹೊತ್ತು ಕಾದಳು. ಆಮೇಲೆ ನನ್ನ ಕೈಯಲ್ಲಿದ್ದುದನ್ನು ಮೊದಲಿನ ಹಾಗೆಯೇ ಮೆತ್ತಗೆ ತೆಗೆದುಕೊಂಡಳು. ಶರಣವ್ವ, “ತಿಂತು ನೋಡ್ರಿ!” ಎಂದು ಕೈ ತಟ್ಟಿದಳು. ನನ್ನ ಕಣ್ಣಲ್ಲಿ ನೀರು ಬಂತು. ಮರಳು ಬಿತ್ತು ಎಂದು ಹೇಳಿದೆ. ಎಡಗೈ ಯಾವಾಗಲೋ ಹೊಟ್ಟೆಯಿಂದ ಇಳಿದು ಅವಳ ಬೆನ್ನ ಮೇಲೆ ಹೋಗಿತ್ತು. ಬಸ್ಸು ಬಿಟ್ಟು ಹೋಯಿತು. ಅಂದು ಸ್ಟೇಟ್ ಟ್ರಾನ್ಸ್‌ಪೋರ್ಟ್ ಬಸ್ಸಿನಲ್ಲಿ ನಿಂತುಕೊಂಡು ರಾಂಜಣಗಾಂವ ಮುಟ್ಟಿದೆ.

ಸಂಕ್ರಾಂತಿ ಬಂತು. ಹೊಸ ಮರಿ ಒಂದೂ ಇರಲಿಲ್ಲ. ಬಾಪಟ್ ಅವರು ಮೀಟಿಂಗಿನಲ್ಲಿ ಇದು ಕಮಿಟಿಯ ದೂರದೃಷ್ಟಿಯ ಫಲ ಎಂದರು. ನೇನೆ ಬಾಯಿ ಎಳ್ಳುಂಡೆ ಹಂಚುತ್ತ ಅವರ ಕೈಗೂ ಒಂದು ಇಟ್ಟು ಮುಂದಿನವರ ಕಡೆ ಹೋದರು. ಗೌರಿಗೆ ಮಾತ್ರ ಪದ್ಧತಿ ಬಿದ್ದುಹೋಗಿತ್ತು. ದಿನಾ ಬೆಳಿಗ್ಗೆ ನಾನು ಒಂದು ತುತ್ತು ತಿಂದು, ಬಾಯಿ ತೆರೆದು ತೋರಿಸಿ, ಆಮೇಲೆ ಕೊಟ್ಟರೇ ಅವಳು ತಿನ್ನುವಳು. ಬಸ್ಸಿನ ಹುಡುಗರಿಗೆ ಫಾರ್ಮಿನ ಹೆಸರಿನ ವಿಷಯ ಹೇಗೋ ತಿಳಿದು, ಅವಳನ್ನೂ ವೈನಿ, ಅಂದರೆ ಅತ್ತಿಗೆ, ಮಾಡಿಕೊಂಡು, “ಏನ್ರಿ ಸಾಹೇಬ್ರ, ಎರಡನೇ ವೈನಿಯೂ ನೀವು ಉಂಡ ಮ್ಯಾಲೇ ಉಣ್ಣೋದು! ಭಾಳ ಪುಣ್ಯವಂತರು ನೀವು” ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಗೌರಿ ನನಗಾಗಿ ಕಾಯುವುದು ಭಕ್ತಿಯಿಂದಲ್ಲ, ನನಗೇನಾದರೂ ಆಗುತ್ತದೋ ಎಂದು ನೋಡಲಿಕ್ಕೆ ಎಂಬುದು ನನಗೂ ಶರಣವ್ವನಿಗೂ ಮಾತ್ರ ಗೊತ್ತಿತ್ತು.

ಅದೇ ವಾರ ಒಂದು ಸಂಜೆ ಮಾಲತಿ ಟೀವಿಯಲ್ಲಿ ನೋಡಿದ ಯಾವುದೋ ಪನೀರಿನ ಪಲ್ಯ ಮಾಡಿದ್ದಳು. ಬಣ್ಣ ಹಸಿರೂ ಅಲ್ಲ, ಕಂದೂ ಅಲ್ಲ. ತಟ್ಟೆ ನನ್ನ ಮುಂದಿಟ್ಟು, ಎಂದಿನಂತೆ ಗೋಡೆಗೆ ಒರಗಿ ನಿಂತಳು. “ನೀನೂ ಕೂಡು, ಕೂಡೇ ಉಣ್ಣೋಣು” ಎಂದೆ. “ನೀವ ಮೊದಲ ತಿನ್ರಿ” ಎಂದಳು. ನಾನು ಒಂದು ತುತ್ತು ಬಾಯಿಗಿಟ್ಟು ತಲೆಯೆತ್ತಿದೆ. ಅವಳು ಕಣ್ಣು ಕಿರಿದು ಮಾಡಿ, ಕತ್ತು ತುಸು ವಾರೆ ಮಾಡಿ, ನನ್ನ ಗಂಟಲನ್ನೇ ನೋಡುತ್ತಿದ್ದಳು. ಆ ನೋಟವನ್ನು ನಾನು ದಿನಾ ಬೆಳಿಗ್ಗೆ ಸಿಮೆಂಟಿನ ಕೊಳವೆಯ ಮುಂದೆ ಕಾಣುತ್ತೇನೆ. ಇಪ್ಪತ್ತೆರಡು ವರ್ಷದ ಹೊಸ ಅಡುಗೆಗಳೆಲ್ಲ ಒಂದೊಂದಾಗಿ ನೆನಪಾದವು.

ಕೇಳಲು ಧೈರ್ಯವಾಗಲಿಲ್ಲ. ತುತ್ತು ನುಂಗಿ, ಬಾಯಿ ಅಗಲಿಸಿ ತೋರಿಸಿದೆ. ಮಾಲತಿ ತನ್ನ ತಟ್ಟೆಗೆ ಬಡಿಸಿಕೊಂಡು ಕುಳಿತಳು.